‘ಪಸೂರಿ’ ಗೀತವೂ ರಸವಿಘ್ನವಿಚಾರವೂ

ಸಾಮಾಜಿಕ ಜಾಲತಾಣಗಳು ದೇಶದೇಶಗಳ ನಡುವಣ ಸಂಸ್ಕೃತಿವಿನಿಮಯಕ್ಕೆ ಹೊಸದೊಂದು ಎಡೆಯನ್ನು ಒದಗಿಸಿವೆಯೆಂಬ ಮಾತು ಈಚೆಗೆ ಬಹಳವಾಗಿ ಕೇಳಿಬರುತ್ತಿರುವುದು. ಅಲ್ಲಿ ಗಡಿಯೇ ಅಳಿಯಿತೆನ್ನುವವರು ಕೆಲವರು. ಅದೆಲ್ಲವೂ ಕ್ಷಣಿಕವಾದ ಕೋಲಾಹಲವೆನ್ನುವವರು ಕೆಲವರು. ಲಕ್ಷ್ಯವೊಂದನ್ನು ಮುಂದಿಟ್ಟುಕೊಂಡು ಪರೀಕ್ಷಿಸಿದಲ್ಲದೆ ಈ ಪಕ್ಷಗಳ ಬಲಾಬಲವು ತಿಳಿಯಲಾರದು.

2022ನೆಯ ಫೆಬ್ರವರಿಯಲ್ಲಿ ಪಾಕಿಸ್ತಾನದ ‘ಕೋಕ್ ಸ್ಟುಡಿಯೋ’ ಮಾಲಿಕೆಯ ಮೂಲಕ ಯೂಟ್ಯೂಬಿನಲ್ಲಿ ಪ್ರಕಟವಾಗಿ ಭಾರತದಲ್ಲಿಯೂ ಅತ್ಯಂತ ಜನಪ್ರಿಯವಾದ ‘ಪಸೂರಿ’ಯು ಅಂತಹ ಲಕ್ಷ್ಯ. ಹಾಡಿದವರು ಅಲಿ ಸೇಠಿ ಮತ್ತು ಶೇ ಗಿಲ್. ಭಾಷೆ ಬಹುಮಟ್ಟಿಗೆ ಪಂಜಾಬಿ. ‘ಪಸೂರಿ’ಯೆಂದರೆ ತೊಡಕು, ಗೋಜಲು. ಮುಂಬಯಿಯವರೊಡನೆ ನಡೆಯಬೇಕಾಗಿದ್ದ ಸಹಯೋಗವೊಂದು ಎರಡು ದೇಶಗಳ ವೈಮನಸ್ಯದ ದೆಸೆಯಿಂದ ಕೈಗೂಡದೆ ಹೋದುದೇ ಇದಕ್ಕೆ ಬೀಜವೆಂದು ಸೇಠಿಯವರು ಹೇಳಿರುವರು. ಆದರೂ ಗೀತದಲ್ಲಿ ದೇಶಗಳ ಹೆಸರಿಲ್ಲ. ಬಂದುಹೋಗುವುದಕ್ಕೂ ಅಡ್ಡಿಯಾದ ಪ್ರೇಮಿಗಳ ಅಳಲು, ಹಟ, ಕೊಂಕು ಇಷ್ಟೇ ಇರುವುದು. ವಾಚ್ಯವು ವಿಪ್ರಲಂಭ, ಗಡಿಯ ಸಂಕಟವು ವ್ಯಂಗ್ಯ. ದೃಶ್ಯದಲ್ಲಿ ನರ್ತಿಸುವ ಶೀಮಾ ಕರ್ಮಾನಿಯವರು ಜಿಯಾ ಉಲ್ ಹಕ್ ಆಳ್ವಿಕೆಯ ಪ್ರತಿಕೂಲ ಕಾಲದಲ್ಲಿಯೂ ನೃತ್ಯವನ್ನು ಬಿಡದೆ ನಡೆಸಿಕೊಂಡು ಬಂದ ಭರತನಾಟ್ಯಕುಶಲೆ. ಇದನ್ನು ಬಲ್ಲವರಿಗೆ ಅವರ ದರ್ಶನಮಾತ್ರವೇ ಧ್ವನಿಪೋಷಕವಾಗುವುದು.

ಅಭಿನವಗುಪ್ತನು ಅಭಿನವಭಾರತಿಯಲ್ಲಿ ರಸಪ್ರತೀತಿಗೆ ಏಳು ವಿಘ್ನಗಳನ್ನು ಎಣಿಸಿರುವನು. ಸ್ವಕೀಯ ಪರಕೀಯವೆಂಬ ನಿಯಮದಿಂದ ದೇಶಕಾಲವಿಶೇಷದ ಆವೇಶಕ್ಕೆ ಒಳಗಾಗುವುದು ಅವುಗಳಲ್ಲಿ ಎರಡನೆಯದು. ಇದನ್ನು ಕಳೆಯತಕ್ಕುದು ಸಾಧಾರಣೀಕರಣ. ‘ಪಸೂರಿ’ಯಲ್ಲಿ ಅದು ನೆರವೇರಿರುವುದು ವಿಭಾವಾದಿಗಳ ಬಲದಿಂದಲೇ ಹೊರತು ಜಾಲತಾಣದ ಬಲದಿಂದಲ್ಲ. 2023ರಲ್ಲಿ ಹಿಂದೀ ಚಲನಚಿತ್ರವೊಂದು ಇದೇ ಧಾಟಿಯನ್ನು ತೆಗೆದುಕೊಂಡು ಬೇರೆ ಸಂದರ್ಭಕ್ಕೆ ಹೊಂದಿಸಿತು. ಅಲ್ಲಿ ಧಾಟಿಯು ಗಡಿ ದಾಟಿತು, ವ್ಯಂಗ್ಯವು ಹಿಂದೆಯೇ ಉಳಿಯಿತು.

ಇಲ್ಲಿ ಒಂದು ಆಕ್ಷೇಪವು ಹುಟ್ಟುವುದು. ಯೂಟ್ಯೂಬಿನಲ್ಲಿ ಗೀತದ ಕೆಳಗೆ ಕೇಳುಗರು ಬರೆದ ಒಕ್ಕಣೆಗಳಲ್ಲಿ ಬಹಳಷ್ಟು ತಮ್ಮ ದೇಶದ ಹೆಸರನ್ನು ಹೇಳಿ ಪ್ರೀತಿಯನ್ನು ತಿಳಿಸತಕ್ಕವು. ರಸವು ಮರೆಯಿಸಿದ ದೇಶವನ್ನು ಒಕ್ಕಣೆಯು ಮತ್ತೆ ನೆನಪಿಗೆ ತಂದರೆ ಅದೇ ವಿಘ್ನವಲ್ಲವೆ? ಅಲ್ಲವೆಂದೇ ಹೇಳಬೇಕು. ವಿಘ್ನವು ಆಸ್ವಾದಕಾಲದಲ್ಲಿ ಅಡ್ಡಬರತಕ್ಕದ್ದು, ಒಕ್ಕಣೆಯು ಆಸ್ವಾದಾನಂತರದ್ದು. ಹಾಡಿನಲ್ಲಿ ಒಮ್ಮೆ ಗಡಿಯನ್ನು ಮರೆತವನು ಅನಂತರ ಆಚೆಯವನನ್ನು ಕರೆದು ಅದನ್ನು ತಿಳಿಸುವನು. ನಾಟ್ಯಸಭೆಯಲ್ಲಿ ಸಾಮಾಜಿಕರೆಲ್ಲರ ಪ್ರತೀತಿಯೂ ಏಕಘನವಾಗುವುದರಿಂದ ರಸವು ಮತ್ತಷ್ಟು ಪುಷ್ಟವಾಗುವುದೆಂಬುದು ಅಭಿನವಗುಪ್ತನ ಮತ. 1952ರ ಬಳಿಕ ಆಕಾಶವಾಣಿಯು ಚಲನಚಿತ್ರಗೀತಗಳನ್ನು ದೂರವಿಟ್ಟಾಗ ರೇಡಿಯೋ ಸಿಲೋನ್ ಅವನ್ನು ಕಡಲಾಚೆಯಿಂದ ಬಿತ್ತರಿಸಿತು. ಗೀತಗಳು ಗಡಿ ದಾಟಿದುವು; ಕೇಳುಗರು ಮಾತ್ರ ಒಬ್ಬರನ್ನೊಬ್ಬರು ಕಾಣಲಿಲ್ಲ. ಆ ಸಭೆಯನ್ನು ಜಾಲತಾಣವು ಮರಳಿ ಕೂಡಿಸಿಕೊಟ್ಟಿರುವುದು. ಶಾಸ್ತ್ರದಲ್ಲಿ ‘ಸಾಮಾಜಿಕ’ನೆಂದರೆ ಸಭೆಯಲ್ಲಿ ಕುಳಿತ ಪ್ರೇಕ್ಷಕನಷ್ಟೆ; ಈ ಅರ್ಥದಲ್ಲಿ ಸಾಮಾಜಿಕ ಜಾಲತಾಣವೆಂಬ ಹೆಸರು ಸಾರ್ಥಕವಾಗುವುದು.

ಆದರೆ ಸಭೆಗೆ ಬಾಗಿಲೂ ಉಂಟು. ನಾಲ್ಕನೆಯ ವಿಘ್ನವು ಪ್ರತೀತ್ಯುಪಾಯವೈಕಲ್ಯ, ಎಂದರೆ ತಿಳಿಯುವ ಸಾಧನವೇ ಊನವಾಗುವುದು. ಭಾಷೆಯನ್ನು ಅರಿಯದ ಕೊರತೆಯನ್ನು ಅನುವಾದವು ತುಂಬಬಹುದು. ಬಾಗಿಲೇ ಮುಚ್ಚಿದರೆ ಉಪಾಯವಿಲ್ಲ. ಪಾಕಿಸ್ತಾನವು 2012ರಿಂದ 2016ರವರೆಗೆ ಯೂಟ್ಯೂಬನ್ನೇ ನಿಷೇಧಿಸಿದ್ದಿತು. 2025ರ ಏಪ್ರಿಲಿನಲ್ಲಿ ಪಹಲ್ಗಾಮಿನಲ್ಲಿ ನಿರಪರಾಧಿಗಳ ಹತ್ಯೆಯಾದ ಬಳಿಕ, ಮೇ ತಿಂಗಳಲ್ಲಿ, ಪಾಕಿಸ್ತಾನಮೂಲದ ಗೀತ ಚಲನಚಿತ್ರಾದಿಗಳನ್ನು ನಿಲ್ಲಿಸುವಂತೆ ಭಾರತಸರಕಾರವು ಜಾಲದ ಪ್ರಸಾರಕರಿಗೆ ಸೂಚಿಸಿತು. ರಾಜ್ಯರಕ್ಷಣೆಯ ಯುಕ್ತಾಯುಕ್ತತೆಯು ಕಾವ್ಯಮೀಮಾಂಸೆಯ ವಿಷಯವಲ್ಲ. ಸಭೆಯ ಬಾಗಿಲು ಸಹೃದಯರ ಕೈಯಲ್ಲಿಲ್ಲವೆಂಬುದು ಮಾತ್ರ ಇದರಿಂದ ಸಿದ್ಧವಾಗುವುದು.

ಆದುದರಿಂದ ಮೊದಲು ಹೇಳಿದ ಎರಡು ಪಕ್ಷಗಳೂ ಅರ್ಧಸತ್ಯಗಳು. ಗಡಿಯನ್ನು ಮರೆಯಿಸುವ ಶಕ್ತಿಯು ಕೃತಿಯದು. ಹಾಗೆ ಮರೆತವರು ಪರಸ್ಪರ ಗುರುತಿಸಿಕೊಳ್ಳುವಂತೆ ಮಾಡಿದುದು ಜಾಲತಾಣದ ಉಪಕಾರ. ಈ ಉಪಕಾರವನ್ನು ಕೋಲಾಹಲವೆಂದು ತಳ್ಳುವುದೂ ಸಲ್ಲದು, ಶಾಶ್ವತವೆಂದು ನಂಬುವುದೂ ಸಲ್ಲದು. ಅಭಿನವಗುಪ್ತನು ಬಾಳಿದ ಕಾಶ್ಮೀರವೇ ಇಂದು ನಿಯಂತ್ರಣರೇಖೆಯಿಂದ ಇಬ್ಭಾಗವಾಗಿರುವುದು. ಅವನ ರಸವಿಚಾರಕ್ಕೆ ಇದಕ್ಕಿಂತ ಕಠಿನವಾದ ಪರೀಕ್ಷಾಸ್ಥಾನವು ದೊರೆಯಲಾರದು.