ರಾಜಧಾನಿಯಿಲ್ಲದ ಯುದ್ಧಭೂಮಿ

ಜಿ. ಎ. ಹೆಂಟಿಯ ‘ದಿ ಟೈಗರ್ ಆಫ್ ಮೈಸೂರ್’ (1896) ಹಳೆಯ ಪುಸ್ತಕದಂಗಡಿಯಲ್ಲಿ ಕೊಳ್ಳಬೇಕಾದಂಥ ಕಾದಂಬರಿ. ಟಿಪ್ಪುವಿನ ಸೆರೆಯಲ್ಲಿರುವ ತಂದೆಯನ್ನು ಹುಡುಕಿಕೊಂಡು ಇಂಗ್ಲಿಷ್ ಹುಡುಗನೊಬ್ಬ ವೇಷ ಮರೆಸಿ ಶ್ರೀರಂಗಪಟ್ಟಣ ಹೊಗುವ ಕತೆ. ಮೆಡೋಸ್ ಟೇಲರ್ 1840ರಲ್ಲೇ ಟಿಪ್ಪುವಿನ ಕುರಿತ ಇಂಗ್ಲಿಷ್ ಕಾದಂಬರಿಯ ದಾರಿ ತೆರೆದಿದ್ದ. 1997ರಲ್ಲಿ ಬರ್ನಾರ್ಡ್ ಕಾರ್ನ್‌ವೆಲ್‌ ‘ಶಾರ್ಪ್ಸ್ ಟೈಗರ್’ ಬರೆದ. ಮೊದಲಿನವುಗಳಲ್ಲಿ ಸಾಮ್ರಾಜ್ಯದ ಠೇಂಕಾರ ಅಡಿಗಡಿಗೂ ಕೇಳಿಸುತ್ತದೆ, ಅದನ್ನು ಕ್ಷಮಿಸಬೇಕಾಗಿಲ್ಲ. ಆದರೂ ಈ ಪರಂಪರೆಗೆ ನಮ್ಮ ಕನ್ನಡದ ಪರಂಪರೆಗಿಲ್ಲದ ಒಂದು ಗುಣವಿದೆ. ಅದಕ್ಕೆ ದಂಡು ನಡೆಯುವ ದಾರಿ ಗೊತ್ತು. ಕಾರ್ನ್‌ವೆಲ್‌ನ ನಾಯಕನಂತೂ ಚಾಟಿಯೇಟು ತಿನ್ನುವ ಬಡ ಸಿಪಾಯಿ.

ಕನ್ನಡದ ಐತಿಹಾಸಿಕ ಕಾದಂಬರಿ ಹುಟ್ಟಿದ್ದು ಬಿ. ವೆಂಕಟಾಚಾರ್ಯರು ತಂದ ಬಂಕಿಮರಿಂದ, ಗಳಗನಾಥರು ತಂದ ಮರಾಠಿಯ ಆಪ್ಟೆಯವರಿಂದ. ಅಲ್ಲಿಂದ ಅದು ಬಲು ಎತ್ತರಕ್ಕೆ ಬೆಳೆಯಿತು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಒಂದು ಅರಮನೆ ಒಳಗಿನಿಂದಲೇ ಕೊಳೆಯುವುದನ್ನು ತೋರಿಸಿದ ರೀತಿಗೆ ಸಾಟಿಯಿಲ್ಲ. ತ.ರಾ.ಸು. ಅವರ ‘ದುರ್ಗಾಸ್ತಮಾನ’ (1982) ಓದಿದವರಿಗೆ ಚಿತ್ರದುರ್ಗದ ಕಲ್ಲುಗಳೇ ಬೇರೆಯಾಗಿ ಕಾಣುತ್ತವೆ. ಹೆಂಟಿಯಂಥವರು ಇವರ ಹತ್ತಿರವೂ ಸುಳಿಯಲಾರರು. ಆದರೆ ಇವರ ಲೋಕವೆಲ್ಲ ರಾಜಧಾನಿಯ ಲೋಕ. ಕಲ್ಯಾಣ, ಹಂಪೆ, ಬಿದನೂರು, ದುರ್ಗ, ಮಡಿಕೇರಿ. ಸಿಂಹಾಸನ ಇಲ್ಲದ ಕಡೆ ಈ ಪರಂಪರೆಯ ಲೇಖನಿ ಓಡುವುದಿಲ್ಲ.

ಹೊಸೂರು–ಕೃಷ್ಣಗಿರಿ ಸೀಮೆ ಅದರ ಕೈತಪ್ಪಿದ್ದು ಹೀಗೆ. ಮಾಸ್ತಿ ಊರಿರುವ ಮಾಲೂರು ತಾಲ್ಲೂಕು ಹೊಸೂರಿಗೆ ಅಂಟಿಕೊಂಡೇ ಇದೆ. ಆದರೂ ಕಾದಂಬರಿಗೆಂದು ಮಾಸ್ತಿ ಹೋದದ್ದು ಬಿದನೂರಿಗೆ, ಕೊಡಗಿಗೆ. ಹೊಸೂರು ಸೀಮೆಯಲ್ಲಿ ಮೆರೆದಾಡಿದ ರಾಜವಂಶವಿರಲಿಲ್ಲ, ಕಣಿವೆ ಕಾಯುವ ಕೋಟೆಗಳಿದ್ದವು. 1791ರ ಮೇ ತಿಂಗಳಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿದ ಇಂಗ್ಲಿಷ್ ಸೇನಾಧಿಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದೂ ದವಸವಿಲ್ಲದೆ, ಎತ್ತುಗಳಿಲ್ಲದೆ, ತನ್ನ ಭಾರಿ ತೋಪುಗಳನ್ನು ತಾನೇ ಒಡೆಸಿ ಹಿಂದಿರುಗಬೇಕಾಯಿತು. ಜುಲೈಯಲ್ಲಿ ಅವನು ಹೊಸೂರು, ರಾಯಕೋಟೆಗಳನ್ನು ಹಿಡಿದದ್ದು ಕೆಳಗಿನ ಸೀಮೆಯಿಂದ ದವಸ ಬರುವ ದಾರಿಗಾಗಿ. ಆ ಯುದ್ಧದ ಗೆಲುವು ಸೋಲು ಲಂಬಾಣಿಗರ ಎತ್ತಿನ ಬೆನ್ನಿನ ಮೇಲಿತ್ತು. ಆ ಎತ್ತು ನಮ್ಮ ಹೆಸರಾಂತ ಐತಿಹಾಸಿಕ ಕಾದಂಬರಿಗಳಲ್ಲಿ ಪಾತ್ರವಾಗಲೇ ಇಲ್ಲ.

ಅದೇ ವರ್ಷ ನವೆಂಬರಿನ ಒಂದು ರಾತ್ರಿ ಇಂಗ್ಲಿಷ್ ಸೇನಾನಿ ಮ್ಯಾಕ್ಸ್‌ವೆಲ್ ಕೃಷ್ಣಗಿರಿಯ ಪೇಟೆಯನ್ನು ಹಿಡಿದು, ಓಡುವವರ ಬೆನ್ನುಹತ್ತಿ ಬೆಟ್ಟವೇರಿದ. ಕೋಟೆಯ ಬಾಗಿಲು ಮುಖಕ್ಕೇ ಮುಚ್ಚಿತು. ಮೇಲಿನವರು ಉರುಳಿಸಿದ ಬಂಡೆಗಳಿಗೆ ಏಣಿಗಳು ಮುರಿದವು, ಆಳುಗಳು ಸತ್ತರು, ದಂಡು ಇಳಿದುಹೋಯಿತು. ಇಷ್ಟೂ ನಮ್ಮ ಕಾದಂಬರಿಕಾರನ ಕೈಗೆ ಒಗ್ಗುವ ವಸ್ತು, ವೀರಾವೇಶಕ್ಕೆ ಜಾಗವಿದೆ.

1768ರಲ್ಲಿ ಹೊಸೂರಿನ ಹತ್ತಿರದ ಬಾಗಲೂರಿನಲ್ಲಿ ನಡೆದದ್ದು ಹಾಗಲ್ಲ. ಹೈದರ್ ಹೊಸೂರಿಗೆ ಮುತ್ತಿಗೆ ಹಾಕಿದ್ದಾಗ ಅದನ್ನು ಬಿಡಿಸಲು ಹೊರಟ ಇಂಗ್ಲಿಷ್ ಕರ್ನಲ್ ವುಡ್ ತನ್ನ ಸಾಮಾನು, ಭಾರಿ ತೋಪುಗಳನ್ನು ಬಾಗಲೂರಿನಲ್ಲಿ ಬಿಟ್ಟ. ಹೈದರ್ ಸುತ್ತುಹಾಕಿ ಬಂದು ಅಲ್ಲಿಗೇ ಎರಗಿದ. ದಂಡಿನ ಹಿಂದೆ ಬಂದಿದ್ದ ಜನ ಪ್ರಾಣ ಉಳಿಸಿಕೊಳ್ಳಲು ಕೋಟೆ ಬಾಗಿಲಿಗೆ ನುಗ್ಗಿ, ಅಲ್ಲೇ ತುಳಿತಕ್ಕೆ ಸಿಕ್ಕಿ ಸತ್ತರು. ವಿಲ್ಕ್ಸ್‌ನ ಮೈಸೂರು ಇತಿಹಾಸದಲ್ಲಿ ಈ ಪ್ರಸಂಗವಿದೆ. ಸತ್ತವರಲ್ಲಿ ನಾಯಕನಿಲ್ಲ, ದ್ರೋಹಿಯಿಲ್ಲ, ಕುಲದ ಮಾನದ ಪ್ರಶ್ನೆಯೂ ಇಲ್ಲ. ತ.ರಾ.ಸು. ಅವರ ಗಂಭೀರ ಗದ್ಯ ಈ ಬಾಗಿಲಲ್ಲಿ ಏನು ಮಾಡೀತು? ನನಗನಿಸುವಂತೆ ಆ ಗದ್ಯಕ್ಕೆ ಒಬ್ಬ ಮದಕರಿನಾಯಕ ಬೇಕೇ ಬೇಕು. ಹೆಸರಿಲ್ಲದ ಗುಂಪಿನ ಸಾವನ್ನು ಅದು ಹೊರಲಾರದು. ಹೆಂಟಿಯ ಹುಡುಗನೋ, ಈ ಬಾಗಿಲನ್ನು ದಾಟಿ ಮುಂದಿನ ಸಾಹಸಕ್ಕೆ ಓಡುತ್ತಿದ್ದ.

ಇಲ್ಲಿನ ಕಾದಂಬರಿಗೆ ಬೇರೆ ಮಾತೇ ಬೇಕು. ಹೊಸೂರಿನ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು, ದಖನಿ ಒಂದರೊಳಗೊಂದು ಬೆರೆತು ಕೇಳಿಸುತ್ತವೆ. ಹೈದರನ ದಂಡಿನಲ್ಲೂ ಒಂದೇ ಭಾಷೆ ಇರಲಿಲ್ಲ. ಸರಕಿಗೂ ಕೊರತೆಯಿಲ್ಲ. 1792ರಿಂದ 1799ರವರೆಗೆ ಕಂಪನಿಯ ಅಧಿಕಾರಿಗಳಾದ ರೀಡ್ ಮತ್ತು ಮನ್ರೋ ಕೃಷ್ಣಗಿರಿಯೂ ಸೇರಿದ ಬಾರಾಮಹಲಿನಲ್ಲಿ ಕೂತು ಬರೆದ ಕಂದಾಯದ ದಾಖಲೆಗಳಿವೆ, ಹೊಲ, ಬೆಳೆ, ರೈತನ ಸಾಲ ಎಲ್ಲ ಅವುಗಳಲ್ಲಿ ಬರುತ್ತವೆ. ಟಿಪ್ಪುವಿನ ಲಾವಣಿಗಳಿವೆ. ಈ ಎರಡನ್ನೂ ಮಗ್ಗುಲಲ್ಲಿಟ್ಟುಕೊಂಡು, ಬಾಗಲೂರಿನ ಬಾಗಿಲ ಹೊರಗೆ ನಿಂತವರ ಕಡೆಯಿಂದ ಬರೆಯುವ ಕಾದಂಬರಿಕಾರ ಕನ್ನಡಕ್ಕೆ ಇನ್ನೂ ಬೇಕಾಗಿದ್ದಾನೆ.