ಕಿಪ್ಲಿಂಗನ ಗಜನೃತ್ಯವೂ ಮೈಸೂರಿನ ಚಲಚ್ಚಿತ್ರವೂ

ಆಂಗ್ಲ ಭಾಷೆಯಲ್ಲಿ ಬಾಲಕರಿಗಾಗಿ ರಚಿತವಾದ ಅದ್ಭುತಕಥೆಗಳು ಚಲಚ್ಚಿತ್ರಗಳಾಗಿ ಮಾರ್ಪಟ್ಟು, ಮನೆಮಂದಿಯೆಲ್ಲರೂ ಕೂಡಿ ನೋಡತಕ್ಕ ವಿನೋದವಾಗಿ ಲೋಕದಲ್ಲೆಲ್ಲ ಹಬ್ಬಿರುವುದು ಸರ್ವವಿದಿತವಾದ ಸಂಗತಿ. ಲೂಯಿ ಕ್ಯಾರಲ್ಲನ ಆಲಿಸಳ ಕಥೆಯು 1903ರಷ್ಟು ಹಿಂದೆಯೇ ಮೂಕಚಿತ್ರವಾಗಿತ್ತು. ಇಂತಹ ಚಿತ್ರಗಳನ್ನು ವಿಮರ್ಶಿಸುವವರು ಸಾಧಾರಣವಾಗಿ ಮೂಲದ ಯಾವ ಪ್ರಸಂಗವನ್ನು ಬಿಟ್ಟರು, ಯಾವುದನ್ನು ಸೇರಿಸಿದರು ಎಂದು ಎಣಿಸುವುದರಲ್ಲಿಯೇ ತೃಪ್ತರಾಗುತ್ತಾರೆ. ಆದರೆ ಶ್ರವ್ಯವು ದೃಶ್ಯವಾಗುವಲ್ಲಿ ಅದ್ಭುತರಸಕ್ಕೆ ಯಾವ ಗತಿಯೊದಗುತ್ತದೆ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ. ಇದಕ್ಕೆ ಕನ್ನಡನಾಡಿನಲ್ಲಿಯೇ ಉತ್ತಮವಾದ ನಿದರ್ಶನವೊಂದು ದೊರೆಯುತ್ತದೆ. 1937ರಲ್ಲಿ ಹೊರಬಂದ ‘ಎಲಿಫೆಂಟ್ ಬಾಯ್’ ಎಂಬ ಚಿತ್ರವೇ ಅದು.

ಕಿಪ್ಲಿಂಗನು 1894ರಲ್ಲಿ ಪ್ರಕಟಿಸಿದ ‘ಜಂಗಲ್ ಬುಕ್’ ಎಂಬ ಗ್ರಂಥದೊಳಗಿನ ತೂಮಾಯಿಯ ಕಥೆ ಈ ಚಿತ್ರಕ್ಕೆ ಮೂಲ. ಕಥೆ ನಡೆಯುವುದು ಈಶಾನ್ಯದ ಗಾರೋ ಬೆಟ್ಟಗಳಲ್ಲಿ. ಚಿತ್ರಕ್ಕೆ ಆಶ್ರಯವಾದದ್ದು ಮೈಸೂರಿನ ಅರಣ್ಯ. ಇಲ್ಲಿಯ ಕಾಡನ್ನೂ ಆನೆಗಳನ್ನೂ ರಾಬರ್ಟ್ ಫ್ಲಾಹರ್ಟಿಯು ಚಿತ್ರಿಸಿದನು; ಉಳಿದ ಭಾಗವನ್ನು ಜೋಲ್ಟನ್ ಕೋರ್ಡಾ ಎಂಬವನು ಲಂಡನ್ನಿನ ಸಮೀಪದ ಡೆನ್‌ಹ್ಯಾಮ್ ಚಿತ್ರಶಾಲೆಯಲ್ಲಿ ಪೂರೈಸಿದನು. ವೆನಿಸ್ ನಗರದ ಉತ್ಸವದಲ್ಲಿ ಇವರೀರ್ವರಿಗೂ ಅದೇ ವರ್ಷ ನಿರ್ದೇಶನದ ಬಹುಮಾನ ಬಂದಿತು. ತೂಮಾಯಿಯ ಪಾತ್ರವನ್ನು ವಹಿಸಿದ ಸಾಬು ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಜನಿಸಿದ ಮಾವುತನ ಮಗ.

ಮೂಲಕಥೆಯ ಬಂಧವನ್ನು ಮೊದಲು ಪರಿಶೀಲಿಸಬೇಕು. ಆನೆಗಳ ನೃತ್ಯವನ್ನು ಕಂಡ ಮನುಷ್ಯನೇ ಇಲ್ಲವೆಂಬುದು ಮಾವುತರ ನಂಬಿಕೆ. ಆದುದರಿಂದ ‘ಆನೆ ಕುಣಿದಾಗ’ ಎಂದರೆ ‘ಎಂದಿಗೂ ಇಲ್ಲ’ ಎಂದೇ ಅರ್ಥ. ಹತ್ತು ವರ್ಷದ ತೂಮಾಯಿಯು ಒಂದು ರಾತ್ರಿ ಕಾಲಾನಾಗನ ಬೆನ್ನೇರಿ ಹೋಗಿ ಆ ನೃತ್ಯವನ್ನು ಕಾಣುತ್ತಾನೆ. ಪೀಟರ್ಸನ್ ಸಾಹೇಬನಿಗಾಗಲಿ ಮಚುವಾ ಅಪ್ಪನಿಗಾಗಲಿ ಅದು ಕಾಣಿಸುವುದಿಲ್ಲ. ಅವರಿಗೆ ದೊರೆಯುವುದು ತುಳಿದು ಸಮನಾದ ನೆಲ, ಹೊಳೆಯನ್ನು ದಾಟಿದ ಎಪ್ಪತ್ತು ಆನೆಗಳ ಹೆಜ್ಜೆಯ ಜಾಡು, ಪದ್ಮಿನಿಯೆಂಬ ಆನೆಯ ಕಾಲಿನ ಕಬ್ಬಿಣವು ಮರದ ತೊಗಟೆಯಲ್ಲಿ ಮಾಡಿದ ಗಾಯ, ಇಷ್ಟು ಮಾತ್ರ. ಹುಡುಗನಿಗೆ ಪ್ರತ್ಯಕ್ಷವಾದದ್ದು ಹಿರಿಯರಿಗೆ ಲಿಂಗದಿಂದ ಅನುಮೇಯವಾಗುತ್ತದೆ. ಅನುಮಾನವು ಪೂರ್ಣವಾದೊಡನೆಯೇ ಕಾಡನ್ನು ಬಲ್ಲ ಹಿರಿಯನು ಬಾಲಕನನ್ನು ತನಗಿಂತ ದೊಡ್ಡವನೆಂದು ಕೊಂಡಾಡುತ್ತಾನೆ. ನಿರ್ವಹಣ ಸಂಧಿಯಲ್ಲಿ ಅದ್ಭುತವಿರಬೇಕೆಂದು ಭರತಮುನಿಯು ವಿಧಿಸಿದ್ದು ನಾಟಕಕ್ಕೆ. ಅದನ್ನರಿಯದ ಈ ಕಥೆಯೂ ಅದಕ್ಕೆ ಲಕ್ಷ್ಯದಂತೆ ಮುಗಿಯುತ್ತದೆ. ಕುಣಿತದಿಂದ ಯಾರಿಗೂ ಒಂದು ಕಾಸಿನ ಲಾಭವಿಲ್ಲ. ವಿಸ್ಮಯವೇ ಫಲ.

ಚಿತ್ರದಲ್ಲಿ ಈ ಕ್ರಮವು ಬೇರೆಯಾಗಿದೆ. ಆರು ವಾರ ಹುಡುಕಿದರೂ ಸಾಹೇಬನಿಗೆ ಕಾಡಾನೆಗಳು ಸಿಕ್ಕುವುದಿಲ್ಲ. ಬಾಲಕನ ತಂದೆಯು ಹುಲಿಯ ಬಾಯಿಗೆ ಬೀಳುತ್ತಾನೆ. ಕಾಲಾನಾಗನು ಕ್ರೂರನಾದ ಬೇರೊಬ್ಬ ಮಾವುತನ ಕೈಗೆ ಸೇರಿ, ಅವನ ಹೊಡೆತದಿಂದ ಕೆರಳುತ್ತಾನೆ. ಆನೆಗೆ ಮರಣವು ಬಂದೀತೆಂದು ಹೆದರಿದ ಬಾಲಕನು ಅದರೊಡನೆ ಕಾಡಿಗೆ ಓಡಿಹೋಗುತ್ತಾನೆ. ಅಲ್ಲಿ ನೃತ್ಯವನ್ನು ಕಂಡು, ಆ ಹಿಂಡಿನ ಬಳಿಗೆ ಸಾಹೇಬನನ್ನು ಕರೆತರುತ್ತಾನೆ. ಮರುದಿನ ಹಿಂಡಿಗೆ ಹಿಂಡೇ ಸೆರೆಯಾಗುತ್ತದೆ. ಪಿತೃವಿಯೋಗದ ಕರುಣವೂ ಆನೆಯ ಶೋಕವೂ ಮೂಲದಲ್ಲಿಲ್ಲದಿದ್ದರೂ ಮನಸ್ಸನ್ನು ಮುಟ್ಟತಕ್ಕವೇ ಆಗಿವೆ. ಅವುಗಳಿಗಾಗಿ ಚಿತ್ರವನ್ನು ನಿಂದಿಸಬೇಕಾದುದಿಲ್ಲ. ದೋಷವಿರುವುದು ಬೇರೆಡೆಯಲ್ಲಿ. ಫಲವಾಗಿದ್ದ ಅದ್ಭುತವು ಇಲ್ಲಿ ಉಪಾಯವಾಯಿತು. ಆನೆ ಹಿಡಿಯುವ ಕಾರ್ಯವು ಫಲವಾಯಿತು. ಬಾಲಕನಿಗೆ ದೊರೆತ ದರ್ಶನವು ಬೇಟೆಗಾರರಿಗೆ ದೊರೆತ ಸುಳಿವಾಗಿ ಇಳಿದುಹೋಯಿತು.

ದೃಶ್ಯವು ತೋರಿಸಲೇಬೇಕಷ್ಟೆ, ಅನುಮಾನಕ್ಕೆ ಅಲ್ಲಿ ಎಡೆಯೆಲ್ಲಿ ಎಂದು ಕೆಲವರು ಆಕ್ಷೇಪಿಸಬಹುದು. ಇದು ಸಾಧುವಲ್ಲ. ದೃಶ್ಯಕಾವ್ಯದಲ್ಲಿಯೂ ಸೂಚ್ಯವೆಂಬುದು ಉಂಟು. ಶಾಕುಂತಲದಲ್ಲಿ ಕಥೆಯನ್ನೆಲ್ಲ ತಿರುಗಿಸುವ ದುರ್ವಾಸರ ಶಾಪವು ನೇಪಥ್ಯದಿಂದ ಕೇಳಿಬರುತ್ತದೆಯೇ ಹೊರತು ಮುನಿಯು ರಂಗಕ್ಕೆ ಬರುವುದಿಲ್ಲ. ಬಾರದಿರುವುದರಿಂದಲೇ ಶಾಪವು ಘೋರವಾಗಿದೆ. ಹೀಗಿರಲು ನೃತ್ಯವನ್ನು ಬಾಲಕನ ಮುಖದಲ್ಲಿಯೂ ಮರುದಿನದ ನೆಲದಲ್ಲಿಯೂ ತೋರಿಸುವುದು ಚಿತ್ರಕಾರನಿಗೆ ಅಶಕ್ಯವಾಗಿರಲಿಲ್ಲ.

ಗಜಶಾಸ್ತ್ರದ ಪರಂಪರೆಯಲ್ಲಿ ಇದಕ್ಕೆ ಸಮೀಪವಾದ ಕಥೆಯೊಂದಿದೆ. ಅಂಗದೇಶದ ರೋಮಪಾದನು ಕಾಡಾನೆಗಳ ಹಿಂಡನ್ನು ಹಿಡಿಸುತ್ತಾನೆ. ಆ ಹಿಂಡಿನೊಡನೆ ಬೆಳೆದ, ಹೆಣ್ಣಾನೆಯಲ್ಲಿ ಹುಟ್ಟಿದನೆಂದು ಹೇಳುವ ಪಾಲಕಾಪ್ಯ ಮುನಿಯು ಅವುಗಳನ್ನರಸುತ್ತ ಚಂಪಾನಗರಕ್ಕೆ ಬಂದು ಗಾಯಗಳಿಗೆ ಮದ್ದು ಹಚ್ಚುತ್ತಾನೆ. ಹಸ್ತ್ಯಾಯುರ್ವೇದವು ಆ ಶುಶ್ರೂಷೆಯಿಂದ ಹುಟ್ಟಿದ ಶಾಸ್ತ್ರ. ಇಲ್ಲಿಯೂ ಆನೆಯ ಗೆಳೆಯನೊಬ್ಬನಿದ್ದಾನೆ, ಸೆರೆಯೂ ಇದೆ. ಆದರೆ ಗೆಳೆಯನು ಸೆರೆಯಾದವರ ಕಡೆಗಿದ್ದಾನೆ. ಚಿತ್ರದ ತೂಮಾಯಿಯು ಹಿಡಿಯುವವರ ಕಡೆಗೆ ಹೋಗುವಾಗ ಅವನ ಮನಸ್ಸಿನಲ್ಲಿ ಒಂದು ಅಳುಕನ್ನಾದರೂ ತೋರಿಸಿದ್ದರೆ ಕೃತಿಯ ಬೆಲೆ ಹೆಚ್ಚುತ್ತಿತ್ತು.

ಗುಣವನ್ನು ಮರೆಯುವುದು ನ್ಯಾಯವಲ್ಲ. ಸಾಬು ಆನೆಯನ್ನು ಏರುವಲ್ಲಿ, ಅದರೊಡನೆ ಮಾತಾಡುವಲ್ಲಿ ನಟನೆಯ ಸೋಂಕಿಲ್ಲ. ಹುಟ್ಟಿನಿಂದ ಬಂದ ಬಳಕೆಯಿದೆ. ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಆ ಪ್ರದೇಶದ ಬಹುಭಾಗವು ಬಳಿಕ ಕಬಿನಿ ಜಲಾಶಯದಲ್ಲಿ ಮುಳುಗಿತು. ಹೋದ ಕಾಡಿನ ರೂಪವನ್ನು ಉಳಿಸಿಕೊಟ್ಟ ಉಪಕಾರವು ಚಿತ್ರದ್ದು. ಆದರೆ ಆ ಕಾಡಿನ ಮಾತನ್ನು ಅದು ಉಳಿಸಲಿಲ್ಲ. ಮೈಸೂರಿನ ಹುಡುಗನು ಅಲ್ಲಿ ಆಡುವುದು ಇಂಗ್ಲಿಷನ್ನು.

ಕನ್ನಡದ ಬರೆಹಗಾರರು ಹಿಡಿದ ದಾರಿ ಇದಕ್ಕೆ ವಿಪರೀತವಾದುದು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದ ಪಂಜೆ ಮಂಗೇಶರಾಯರು ಪಾಶ್ಚಾತ್ಯ ಕಥೆಗಳ ಹುರುಳನ್ನು ತೆಗೆದುಕೊಂಡರೂ ಅದಕ್ಕೆ ಕನ್ನಡದ ನಾಲಗೆಯನ್ನಿತ್ತರು. ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ಯಲ್ಲಿ ಆಲಿಸಳು ಪಾಪಚ್ಚಿಯಾದಳು, ಅವಳಿಳಿದ ವಿಚಿತ್ರಲೋಕವು ನಮ್ಮ ಪುರಾಣಗಳಿಗೆ ಪರಿಚಿತವಾದ ಪಾತಾಳವಾಯಿತು. ದೇಶವನ್ನು ಬದಲಾಯಿಸಿಯೂ ರಸವನ್ನು ಉಳಿಸಿದರು. ಚಿತ್ರವು ನಮ್ಮ ದೇಶವನ್ನೇ ತೋರಿಸಿಯೂ ರಸವನ್ನು ಕೈಬಿಟ್ಟಿತು.

ಈ ವಿಚಾರವು ಹಳೆಯದಾಗಿ ಹೋಗಿಲ್ಲ. 2016ರಲ್ಲಿ ಬಂದ ‘ಜಂಗಲ್ ಬುಕ್’ ಚಿತ್ರದಲ್ಲಿ ಬಾಲಕನೊಬ್ಬನನ್ನು ಬಿಟ್ಟರೆ ಕಾಡೂ ಮೃಗಗಳೂ ಬಹುಮಟ್ಟಿಗೆ ಗಣಕಯಂತ್ರದ ನಿರ್ಮಾಣ. ಆದರೂ ಆನೆಗಳು ಮೌನವಾಗಿ ಹಾದುಹೋಗುವಾಗ ಮಿಕ್ಕ ಮೃಗಗಳು ತಲೆಬಾಗುವ ಸನ್ನಿವೇಶದಲ್ಲಿ ಕಿಪ್ಲಿಂಗನ ವಿಸ್ಮಯವು ಮರಳಿ ಬಂದಿದೆ. ಅಲ್ಲಿ ಆನೆಯಿಂದ ಯಾರೂ ಏನನ್ನೂ ಬಯಸುವುದಿಲ್ಲ. ಆ ಚಿತ್ರವು ಈ ದೇಶದಲ್ಲಿ ಹಿಂದಿ, ತಮಿಳು, ತೆಲುಗು ಮಾತುಗಳಲ್ಲಿಯೂ ಬಂದಿತು, ಕನ್ನಡದಲ್ಲಿ ಬರಲಿಲ್ಲ. ಬಿಜೈಯಂತಹ ಕಡೆಗಳಲ್ಲಿ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ ಶಾಲೆಯಲ್ಲಿ ಕನ್ನಡವನ್ನು ಓದುವ ಮಕ್ಕಳು ಕಾಡಿನ ಮೃಗಗಳು ಕನ್ನಡವನ್ನಾಡುವುದನ್ನು ಅಲ್ಲಿ ಕೇಳಲಿಲ್ಲ. ಪಂಚತಂತ್ರವನ್ನು ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಕನ್ನಡಿಸಿದ ನಾಡಿಗೆ ಇದು ಶೋಭೆಯಲ್ಲ.

ಆದಕಾರಣ ಉಪಾಧ್ಯಾಯರು ಇಂತಹ ಚಿತ್ರಗಳನ್ನು ಮಕ್ಕಳಿಗೆ ನಿಷೇಧಿಸುವುದಕ್ಕಿಂತ, ಚಿತ್ರವನ್ನು ನೋಡುವ ಮುನ್ನ ಕಥೆಯನ್ನು ಕನ್ನಡದಲ್ಲಿ ಹೇಳಿ ಕೇಳಿಸುವುದು ಉಚಿತವಾದುದು. ಕಿವಿಯಿಂದ ಕಂಡ ಆನೆಯ ಕುಣಿತವು ಪ್ರತಿಯೊಂದು ಮಗುವಿಗೂ ಬೇರೆ ಬೇರೆಯಾಗಿರುತ್ತದೆ. ಕಣ್ಣಿನಿಂದ ಕಂಡದ್ದು ಎಲ್ಲರಿಗೂ ಒಂದೇ. ಮೊದಲನೆಯದನ್ನು ಪಡೆದ ಮಗುವಿಗೆ ಎರಡನೆಯದನ್ನು ತೂಗಿ ನೋಡುವ ಶಕ್ತಿಯು ತಾನಾಗಿ ಬರುತ್ತದೆ.