ಪಟ್ಟಿಯೇನೋ ಅಗ್ಗ, ಸೂಜಿ?

ಪ್ರೆಗ್ನೆನ್ಸಿ ಕಿಟ್‌ನಲ್ಲಿ ಮೂಡುವ ಕೆಂಪು ಗೆರೆ ಬಹುಪಾಲು ಚಿನ್ನದ್ದು. ನ್ಯಾನೊಕಣದಷ್ಟು ಸಣ್ಣಗಾದರೆ ಚಿನ್ನ ಕೆಂಪಗೆ ಕಾಣುತ್ತದೆ. ಅಮೆರಿಕದ ಎಂಐಟಿಯ ಬಯೊಮೆಡಿಕಲ್ ಎಂಜಿನಿಯರ್ ಸಂಗೀತಾ ಭಾಟಿಯಾ ಅವರ ತಂಡ 2014ರಲ್ಲಿ ಇಂಥದೇ ಕಾಗದದ ಪಟ್ಟಿಯಿಂದ, ಮೂತ್ರದಲ್ಲಿ, ಇಲಿಗಳ ಕರುಳಿನ ಕ್ಯಾನ್ಸರನ್ನು ಪತ್ತೆಹಚ್ಚಿತು. ಎಲ್ಲರ ಕಣ್ಣೂ ಪಟ್ಟಿಯ ಮೇಲೆ ಬೀಳುವುದು ಸಹಜ. ನನಗೆ ಹಿಡಿಸಿದ್ದು ಅದರ ಹಿಂದಿನ ಉಪಾಯ.

ಸಣ್ಣ ಗೆಡ್ಡೆ ರಕ್ತಕ್ಕೆ ಬಿಡುವ ಸುಳಿವು ಅತ್ಯಲ್ಪ. ಐದು ಲೀಟರ್ ರಕ್ತದಲ್ಲಿ ಅದನ್ನು ಅರಸುವುದೆಂದರೆ ಕೆರೆಗೆ ಬಿದ್ದ ಉಪ್ಪಿನ ಹರಳನ್ನು ಅರಸಿದಂತೆ. ಭಾಟಿಯಾ ಆ ಗೋಜಿಗೇ ಹೋಗಲಿಲ್ಲ. ಪೆಪ್ಟೈಡ್ ಎಂಬ ಪ್ರೊಟೀನ್ ತುಣುಕುಗಳನ್ನು ಅಂಟಿಸಿದ ನ್ಯಾನೊಕಣಗಳನ್ನು ಇಲಿಗಳ ರಕ್ತಕ್ಕೆ ಚುಚ್ಚಿದರು. ಸುತ್ತಲಿನ ಅಂಗಾಂಶವನ್ನು ಸೀಳಿ ಹರಡಲು ಗೆಡ್ಡೆ ಬಳಸುವ ಕಿಣ್ವಗಳು ಈ ಪೆಪ್ಟೈಡ್‌ಗಳನ್ನೂ ಕತ್ತರಿಸುತ್ತವೆ. ಕಣ ಕಿಡ್ನಿಯ ಜರಡಿ ದಾಟದು, ಕತ್ತರಿಸಿದ ಚೂರು ದಾಟಿ ಮೂತ್ರಕ್ಕೆ ಇಳಿಯುತ್ತದೆ. ಒಂದೇ ಕಿಣ್ವ ಮತ್ತೆ ಮತ್ತೆ ಕತ್ತರಿಸುವುದರಿಂದ ಸುಳಿವು ತಾನಾಗಿ ದೊಡ್ಡದಾಗುತ್ತದೆ. ಮೊದಲು ಈ ಚೂರುಗಳನ್ನು ಗುರುತಿಸಲು ಮಾಸ್ ಸ್ಪೆಕ್ಟ್ರೋಮೀಟರ್ ಬೇಕಿತ್ತು. ಆಮೇಲೆ ಕಾಗದವೇ ಸಾಕಾಯಿತು. ಕಳ್ಳನನ್ನು ಊರೆಲ್ಲ ಹುಡುಕದೆ, ಅವನು ಮುರಿಯಲೆಂದೇ ಬೀಗ ಹಾಕಿಟ್ಟು ಕಾದ ಹಾಗೆ.

ನನ್ನ ತಕರಾರು ಶುರುವಾಗುವುದು ಇಲಿಯಿಂದ ಮನುಷ್ಯನಿಗೆ ಬರುವಾಗ. ಪ್ರಯೋಗದ ಇಲಿಗೆ ಇರುವುದು ಒಂದೇ ಕಾಯಿಲೆ. ಅರವತ್ತು ದಾಟಿದವರಿಗೆ ಮಂಡಿಯ ಬಾವು, ವಸಡಿನ ಸೋಂಕು, ಮಾಯದ ಗಾಯ. ಅಲ್ಲೆಲ್ಲ ಇದೇ ಜಾತಿಯ ಕಿಣ್ವಗಳು ಕತ್ತರಿ ಹಿಡಿದು ಕೂತಿರುತ್ತವೆ. ಹಲವು ಪೆಪ್ಟೈಡ್‌ಗಳನ್ನು ಒಟ್ಟಿಗೆ ಬಳಸಿ ಗೊಂದಲ ತಗ್ಗಿಸಬಹುದು, ಆದರೆ ಆಗ ಪಟ್ಟಿಯ ಸರಳತೆ ಹೋಯಿತು. ಇನ್ನು ಆ ಸೂಜಿ. ಕಾಯಿಲೆ ಇದೆಯೋ ಇಲ್ಲವೋ ತಿಳಿಯದವರ ಮೈಗೆ ಹೊರಗಿನ ಕಣ ಬಿಡಬೇಕೆಂದರೆ, ಔಷಧಕ್ಕೆ ಬೇಕಾದ ಸುರಕ್ಷತಾ ಪರೀಕ್ಷೆಗಳೆಲ್ಲ ಇದಕ್ಕೂ ಬೇಕು. ಅಗ್ಗದ ಪಟ್ಟಿ ಹಳ್ಳಿ ಹಳ್ಳಿಗೆ ತಲುಪೀತು ಎನ್ನುವವರು ಈ ಖರ್ಚನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇದರಷ್ಟು ಸದ್ದು ಮಾಡದ, ಲಿವರ್ ಮೇಲಿನ ಭಾಟಿಯಾ ಅವರ ಕೆಲಸವೇ ನನಗೆ ಹೆಚ್ಚು ಗಟ್ಟಿಯೆನಿಸುತ್ತದೆ. ಪ್ರಯೋಗಾಲಯದ ತಟ್ಟೆಗೆ ಹಾಕಿದ ಲಿವರ್ ಕೋಶಗಳು ಕೆಲವೇ ದಿನಗಳಲ್ಲಿ ಕಸುಬು ಮರೆಯುತ್ತವೆ. ಕಂಪ್ಯೂಟರ್ ಚಿಪ್ ತಯಾರಿಕೆಯ ತಂತ್ರದಿಂದ ಅವನ್ನು ಪುಟ್ಟ ದ್ವೀಪಗಳಾಗಿ ಕೂರಿಸಿ, ಸುತ್ತ ಬೇರೆ ಕೋಶಗಳ ಆಸರೆ ಕೊಟ್ಟಾಗ ವಾರಗಟ್ಟಲೆ ದುಡಿದವು. ಕಾಂಡಕೋಶವೆಂದರೆ ಹೊಸ ಅಂಗವೇ ಬಂದಂತೆ ಎಂದು ಆಸೆ ಹುಟ್ಟಿಸುವವರ ನಡುವೆ, ಈ ತಂಡ ಕಾಂಡಕೋಶದಿಂದ ಲಿವರ್ ಕೋಶ ಬೆಳೆಸಿ ಔಷಧ ಪರೀಕ್ಷೆಗೆಂದು ಅದಕ್ಕೆ ಮಲೇರಿಯಾ ತಗುಲಿಸಿತು. ಲಿವರ್ ಅರಗಿಸಿದರಷ್ಟೇ ಕೆಲಸಕ್ಕೆ ಬರುವ ಪ್ರೈಮಾಕ್ವಿನ್ ಎಂಬ ಮಲೇರಿಯಾ ಔಷಧ, ಕೋಶಗಳನ್ನು ಇನ್ನಷ್ಟು ಬಲಿಸಿದ ಮೇಲೆ ಆ ತಟ್ಟೆಯಲ್ಲೂ ಕೆಲಸ ಮಾಡಿತು.